ಮೂರು ಗಂಟೆಯ ಸಿನಿಮಾವನ್ನು 300 ಎಂಬಿಗೆ ಇಳಿಸಿದಾಗ ಕೆಡುವುದು ಎಲ್ಲಿ?

ಉಡುಪಿಯ ನಮ್ಮ ವಿಡಿಯೋ ಅಂಗಡಿಗೆ ಬರುವ ಪೆನ್‌ಡ್ರೈವ್‌ಗಳಲ್ಲಿ ಮೂರು ನಮೂನೆಯವು ಜಾಸ್ತಿ. ಸಣ್ಣ ಬಜೆಟ್ಟಿನಲ್ಲಿ ತುಳು ಸಿನಿಮಾ ಮಾಡಿದವರು ತಮ್ಮದೇ ಚಿತ್ರವನ್ನು ತಂಡದವರಿಗೆ ಕಳಿಸಲು ಸಣ್ಣದು ಮಾಡಿರುತ್ತಾರೆ. ರಾತ್ರಿಯಿಡೀ ನಡೆದ ಯಕ್ಷಗಾನದ ರೆಕಾರ್ಡಿಂಗನ್ನು ಮುಂಬೈಯ ನೆಂಟರಿಗೆ ಮುಟ್ಟಿಸಬೇಕಾಗಿರುತ್ತದೆ. ಇಲ್ಲವೇ ಹಳೇ ಮದುವೆ ಕ್ಯಾಸೆಟ್. ದೂರು ಮಾತ್ರ ಎಲ್ಲರದ್ದೂ ಒಂದೇ: "ಸಣ್ಣದು ಮಾಡಿದೆ ಮಾರಾಯ್ರೆ, ಈಗ ನೋಡ್ಲಿಕ್ಕೇ ಆಗುವುದಿಲ್ಲ."

ನೋಡಲು ಆಗದಿರುವುದಕ್ಕೆ ಕಾರಣ ಹಲವು. ಹೆಚ್ಚಿನವರು ಸೀದಾ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಕುಗ್ಗಿಸುವ ತಂತ್ರಾಂಶ ತೆರೆದು ಸೆಟ್ಟಿಂಗ್ ಬದಲಿಸಿ ಮತ್ತೆ ರಾತ್ರಿಯೆಲ್ಲ ಓಡಿಸುತ್ತಾರೆ. ಬೆಳಿಗ್ಗೆ ನೋಡಿದರೆ ಅದೇ ಕಥೆ. ದೋಷ ಹುಟ್ಟಿದ್ದೇ ಬೇರೆ ಕಡೆ ಆಗಿದ್ದರೆ ಹ್ಯಾಂಡ್‌ಬ್ರೇಕ್ ಪಾಪ ಎಂತ ಮಾಡೀತು?

ಹಾಗಾಗಿ ಮೊದಲು ಜಾಗ ಗೊತ್ತು ಮಾಡಿ. ಇರುವುದು ಮೂರೇ ಜಾಗ. ಮೂಲ ಫೈಲಿನಲ್ಲೇ ದೋಷ ಇರಬಹುದು, ಕುಗ್ಗಿಸುವಾಗ ಬಂದಿರಬಹುದು, ಕುಗ್ಗಿಸಿದ ಮೇಲೆ ಕಳಿಸುವಾಗಲೋ ಟಿವಿಯಲ್ಲಿ ಹಾಕುವಾಗಲೋ ಬಂದಿರಬಹುದು. ಕೊನೆಯ ಜಾಗದಿಂದ ಶುರುಮಾಡಿ ಹಿಂದಕ್ಕೆ ಹುಡುಕಿ, ಖರ್ಚು ಕಡಿಮೆ. ಕುಗ್ಗಿಸಿದ ಕಂಪ್ಯೂಟರಿನಲ್ಲೇ ವಿಎಲ್‌ಸಿ ಪ್ಲೇಯರಿನಲ್ಲಿ ಆ ಫೈಲು ಹಾಕಿ. ಅಲ್ಲಿ ಚೆನ್ನಾಗಿ ಕಂಡರೆ ಕುಗ್ಗಿಸಿದ್ದು ಸರಿ ಇದೆ, ಕೆಟ್ಟದ್ದು ಆಮೇಲೆ. ಅಲ್ಲೂ ಕೆಟ್ಟು ಕಂಡರೆ ಮೂಲ ಫೈಲಿನ ಅದೇ ನಿಮಿಷಕ್ಕೆ ಹೋಗಿ ನೋಡಿ. ಜೊತೆಗೆ ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಫೈಲಿನೊಳಗಿನ ಕೊಡೆಕ್ (ಕುಗ್ಗಿಸಿದ ವಿಧಾನ), ಬಿಟ್‌ರೇಟ್ (ಸೆಕೆಂಡಿಗೆ ಖರ್ಚಾಗುವ ಬಿಟ್), ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಎಲ್ಲ ಅದು ಹೇಳುತ್ತದೆ. ಅದು ತೋರಿಸುವ ಅಂಕಿ ನೋಡದೆ ಸುಮ್ನೆ ಊಹೆ ಮಾಡುವುದು ಬೇಡ.

ಕಳಿಸಿದವರ ಹತ್ತಿರ ಚೆಂದ, ಸಿಕ್ಕಿದವರ ಹತ್ತಿರ ಕೆಟ್ಟದ್ದು

ಇದು ಅತಿ ಸುಲಭದ ಪತ್ತೆ. ವಾಟ್ಸಾಪ್‌ನಲ್ಲಿ ವಿಡಿಯೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ತಾನೇ ಇನ್ನೊಮ್ಮೆ ಕುಗ್ಗಿಸುತ್ತದೆ. ಮೊದಲೇ ಹಿಂಡಿದ್ದನ್ನು ಮತ್ತೆ ಹಿಂಡಿದರೆ ಉಳಿಯುವುದು ಎಂತ? ಡಾಕ್ಯುಮೆಂಟ್ ಎಂದು ಕಳಿಸಿ. 2 ಜಿಬಿವರೆಗೆ ಹಾಗೇ ಹೋಗುತ್ತದೆ. ಎರಡೂ ಕಡೆಯ ಫೈಲ್ ಗಾತ್ರ ಕೇಳಿ ನೋಡಿ. ಬೇರೆ ಬೇರೆ ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ

ಇಲ್ಲಿ ಒಂದು ಲೆಕ್ಕ ಮಾಡಲೇಬೇಕು. ಗಾತ್ರವನ್ನು ಎಂಬಿಯಲ್ಲಿ ತೆಗೆದುಕೊಂಡು 8000ದಿಂದ ಗುಣಿಸಿ, ಚಿತ್ರದ ಉದ್ದವನ್ನು ಸೆಕೆಂಡಿನಲ್ಲಿ ಹಾಕಿ ಭಾಗಿಸಿ. ಬಂದದ್ದು ನಿಮಗೆ ಸಿಗುವ ಒಟ್ಟು ಬಿಟ್‌ರೇಟ್, ಕೆಬಿಪಿಎಸ್ (ಸೆಕೆಂಡಿಗೆ ಸಾವಿರ ಬಿಟ್) ಲೆಕ್ಕದಲ್ಲಿ. ಮೂರು ಗಂಟೆ ಅಂದರೆ 10,800 ಸೆಕೆಂಡ್. 300 ಎಂಬಿ ಬೇಕು ಎಂದರೆ ಸಿಗುವುದು ಸುಮಾರು 222 ಕೆಬಿಪಿಎಸ್. ಅದರಲ್ಲಿ ಧ್ವನಿಗೆ 48 ತೆಗೆದಿಟ್ಟರೆ ಚಿತ್ರಕ್ಕೆ ಉಳಿಯುವುದು 174. ಇದೇ ಸಿನಿಮಾಕ್ಕೆ 700 ಎಂಬಿ ಕೊಟ್ಟರೆ ಒಟ್ಟು 518 ಸಿಗುತ್ತದೆ.

222 ಅಂದರೆ ಎಷ್ಟು ಕಡಿಮೆ ಗೊತ್ತುಂಟಾ? ಯಕ್ಷಗಾನದ, ತುಳು ನಾಟಕದ ವಿಸಿಡಿಗಳು ನಿಮ್ಮ ಮನೆಯ ಶೋಕೇಸಿನಲ್ಲಿ ಇನ್ನೂ ಇರಬಹುದು. 1993ರಲ್ಲಿ ಬಂದ ಆ ವಿಸಿಡಿಯಲ್ಲಿ ಚಿತ್ರದ ಅಳತೆ ಬರೀ 352 ಗುಣಿಸು 288. ಅಷ್ಟಕ್ಕೇ ಅದು ಚಿತ್ರಕ್ಕೆ 1150, ಧ್ವನಿಗೆ 224 ಕೆಬಿಪಿಎಸ್ ಖರ್ಚು ಮಾಡುತ್ತಿತ್ತು. ಒಂದು ಡಿಸ್ಕಿಗೆ 74 ನಿಮಿಷ. ಮೂರು ಗಂಟೆಗೆ ಮೂರು ಡಿಸ್ಕ್ ಬದಲಿಸಬೇಕಿತ್ತು. ಈಗ ನಾವು ಅದರ ಆರನೇ ಒಂದು ಪಾಲು ಬಿಟ್‌ರೇಟಿನಲ್ಲಿ ಫುಲ್ ಎಚ್‌ಡಿ ಕೇಳುತ್ತಿದ್ದೇವೆ! ಕೊಡೆಕ್‌ಗಳು ಸುಧಾರಿಸಿದ್ದು ಹೌದು. 2003ರಲ್ಲಿ ಎಚ್.264 ಬಂತು, 2013ರಲ್ಲಿ ಎಚ್‌ಇವಿಸಿ, 2018ರಲ್ಲಿ ಎವಿ1. ಎಚ್.264ಕ್ಕೆ ಬೇಕಾದದ್ದರ ಅರ್ಧ ಬಿಟ್‌ರೇಟಿನಲ್ಲಿ ಅದೇ ಗುಣಮಟ್ಟ ಕೊಡಬೇಕು ಎಂಬ ಗುರಿಯಿಂದಲೇ ಎಚ್‌ಇವಿಸಿ ಮಾಡಿದ್ದು. ಆದರೂ 1920 ಗುಣಿಸು 1080ರ ಚಿತ್ರಕ್ಕೆ 174 ಕೆಬಿಪಿಎಸ್ ಎಲ್ಲಿಗೂ ಸಾಲದು.

ಮದ್ದು ಒಂದೇ, ಚಿತ್ರದ ಅಳತೆ ಇಳಿಸಿ. 640 ಗುಣಿಸು 360 ಮಾಡಿದರೆ ಪಿಕ್ಸೆಲ್‌ಗಳು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಇದ್ದ ಬಿಟ್ ಅಷ್ಟಕ್ಕೇ ಹಂಚಿದರೆ ಸಾಕು. ಫೋನಿನಲ್ಲಿ ನೋಡುವವರಿಗೆ ಒಡೆದ 1080ಕ್ಕಿಂತ ಮೆತ್ತಗಿನ 360 ಎಷ್ಟೋ ಹಿತ. ಇದನ್ನು ಜನ ಒಪ್ಪುವುದೇ ಇಲ್ಲ. "ಅಣ್ಣ, ಸಾವಿರದ ಎಂಬತ್ತೇ ಇರಲಿ, ಸೈಜ್ ಮಾತ್ರ ಕಮ್ಮಿ ಮಾಡಿ" ಎನ್ನುತ್ತಾರೆ. ಹೆಸರಿಗೆ ಮಾತ್ರ 1080 ಇದ್ದು ಮುಖವೇ ಕಾಣದಿದ್ದರೆ ಯಾರಿಗೆ ಲಾಭ?

ಗಾತ್ರ ಇಷ್ಟೇ ಎಂದು ನಿಗದಿ ಇದ್ದರೆ ಹ್ಯಾಂಡ್‌ಬ್ರೇಕಿನಲ್ಲಿ ಸರಾಸರಿ ಬಿಟ್‌ರೇಟ್ ಆರಿಸಿ, ಮೇಲಿನ ಲೆಕ್ಕದಲ್ಲಿ ಚಿತ್ರಕ್ಕೆ ಉಳಿದ ಅಂಕಿ ಹಾಕಿ, ಎರಡು ಪಾಸ್ ಓಡಿಸಿ. ಮೊದಲ ಪಾಸಿನಲ್ಲಿ ಅದು ಇಡೀ ಚಿತ್ರ ನೋಡಿ ಎಲ್ಲಿ ಕಷ್ಟದ ದೃಶ್ಯ ಉಂಟು ಎಂದು ಗುರುತು ಮಾಡಿಕೊಳ್ಳುತ್ತದೆ. ಎರಡನೆಯದರಲ್ಲಿ ಅಲ್ಲಿಗೆ ಜಾಸ್ತಿ ಬಿಟ್ ಕೊಡುತ್ತದೆ. ಗಾತ್ರ ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ ಎಂದರೆ ಗುಣಮಟ್ಟ ಆರಿಸುವ ಆರ್‌ಎಫ್ ಪಟ್ಟಿಯೇ ಒಳ್ಳೆಯದು. ಎಚ್.264 ಫೈಲು ಮಾಡುವ ಎನ್‌ಕೋಡರ್ (ಕುಗ್ಗಿಸುವ ಸಾಧನ) ಎಕ್ಸ್264ರಲ್ಲಿ ಆರ್‌ಎಫ್ ಆರು ಅಂಕ ಏರಿಸಿದರೆ ಫೈಲು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಎಕ್ಸ್264, ಎಚ್‌ಇವಿಸಿಯ ಎಕ್ಸ್265 ಪಟ್ಟಿಯಲ್ಲಿ ಕೊನೆಯ ಅಂಕ 51, ಎವಿ1ರಲ್ಲಿ 63. ಒಂದರಲ್ಲಿ ಹಾಕಿದ ಅಂಕಿಯನ್ನೇ ಇನ್ನೊಂದರಲ್ಲಿ ಹಾಕಿ "ಎವಿ1 ಸರಿ ಇಲ್ಲ, ಫೈಲು ದೊಡ್ಡದಾಯ್ತು" ಎಂದು ಬಯ್ಯುವವರು ಸಾಕಷ್ಟು ಮಂದಿ ಇದ್ದಾರೆ.

ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಅದೇ ಗಾತ್ರಕ್ಕೆ ಚಿತ್ರ ಕಳಪೆ. ಇಷ್ಟು ಚಿಕ್ಕ ಫೈಲಿಗೆ ಸಾಫ್ಟ್‌ವೇರ್ ಎನ್‌ಕೋಡರ್, ಸ್ಲೋ ಪ್ರಿಸೆಟ್. ರಾತ್ರಿ ಇಟ್ಟು ಮಲಗಿ. ಏಪ್ರಿಲ್-ಮೇ ಸೆಖೆಗೆ ಲ್ಯಾಪ್‌ಟಾಪ್ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದು ದೋಷ ಅಲ್ಲ. ಅಡಿಗೆ ಗಾಳಿ ಆಡುವ ಹಾಗೆ ಇಡಿ, ಹಾಸಿಗೆಯ ಮೇಲೆ ಬೇಡ.

ಯಕ್ಷಗಾನ ಕುಗ್ಗಿಸುವವರಿಗೆ ಇಲ್ಲಿ ಸ್ವಲ್ಪ ಸಮಾಧಾನ ಉಂಟು. ಕ್ಯಾಮರಾ ಟ್ರೈಪಾಡಿನ ಮೇಲೆ ಕದಲದೆ ನಿಂತಿದ್ದರೆ ಹಿಂದಿನ ಪರದೆ, ಭಾಗವತರು, ಕಂಬ ಎಲ್ಲ ಗಂಟೆಗಟ್ಟಲೆ ಹಾಗೇ ಇರುತ್ತವೆ. ಬದಲಾಗದ್ದಕ್ಕೆ ಎನ್‌ಕೋಡರ್ ಬಿಟ್ ಖರ್ಚು ಮಾಡುವುದಿಲ್ಲ. ಎಂಟು ಗಂಟೆಯ ಆಟವನ್ನು 2 ಜಿಬಿಗೆ ಇಳಿಸಿದರೆ ಸುಮಾರು 555 ಕೆಬಿಪಿಎಸ್ ಸಿಗುತ್ತದೆ. ಅರ್ಥಗಾರಿಕೆ ನಡೆಯುವಾಗ 480ರ ಅಳತೆಗೆ ಅದು ಧಾರಾಳ. ತೊಂದರೆ ಬರುವುದು ತೆಂಕುತಿಟ್ಟಿನ ಧಿಂಗಿಣ (ಗಿರಕಿ ಹೊಡೆಯುವ ಕುಣಿತ) ಶುರುವಾದಾಗ. ವೇಷದ ಕನ್ನಡಿ ಚೂರು, ಬಂಗಾರ ಬಣ್ಣದ ಹಾಳೆ, ಸುತ್ತುವ ಸೆರಗು, ಒಂದೊಂದು ಫ್ರೇಮಿನಲ್ಲೂ ಬೇರೆ ಬೇರೆ. ಮಹಿಷಾಸುರ ಸಭೆಯ ಮಧ್ಯೆ ದೊಂದಿ ಹಿಡಿದು ಬರುವಾಗ ರಾಳದ ಬೆಂಕಿ ಭಗ್ ಅಂದರೆ ಪರದೆಯ ಬೆಳಕೇ ಪೂರಾ ಬದಲು. ಅಲ್ಲಿ ಚೌಕ ಒಡೆದೇ ಒಡೆಯುತ್ತದೆ.

ಅದಕ್ಕೇ ಪರೀಕ್ಷೆಯನ್ನು ಆ ತುಂಡಿನ ಮೇಲೆ ಮಾಡಿ. ಹ್ಯಾಂಡ್‌ಬ್ರೇಕಿನಲ್ಲಿ ರೇಂಜ್ ಎಂಬಲ್ಲಿ ಸೆಕೆಂಡ್ ಆರಿಸಿ, ಅತಿ ಗಲಾಟೆಯ ಎರಡು ನಿಮಿಷ ಮಾತ್ರ ಆರ್‌ಎಫ್ ಹಾಕಿ ಕುಗ್ಗಿಸಿ. ನೋಡುವವರು ಯಾವ ಪರದೆಯಲ್ಲಿ ನೋಡುತ್ತಾರೋ ಅದರಲ್ಲೇ ಹಾಕಿ ನೋಡಿ. ಅದು ಪಾಸಾದರೆ ಉಳಿದದ್ದರ ಚಿಂತೆ ಇಲ್ಲ. ಸರಾಸರಿ ಬಿಟ್‌ರೇಟಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. ತುಂಡಿನಲ್ಲಿ ಎರಡೇ ನಿಮಿಷಕ್ಕೆ ಬಿಟ್ ಹಂಚಿಕೆ ಆಗುತ್ತದೆ, ಪೂರ್ತಿ ಚಿತ್ರದಲ್ಲಿ ಹಂಚಿಕೆಯೇ ಬೇರೆ.

ಕತ್ತಲೆ ದೃಶ್ಯದಲ್ಲಿ ಗುಜುಗುಜು, ಪಟ್ಟಿ ಪಟ್ಟಿ

ಮೊದಲು ಮೂಲ ಫೈಲನ್ನೇ ಪೂರ್ತಿ ಪರದೆಗೆ ಹಿಗ್ಗಿಸಿ ಕತ್ತಲೆ ಮೂಲೆ ನೋಡಿ. ಅಲ್ಲಿ ಇರುವೆ ಹರಿದ ಹಾಗೆ ಚುಕ್ಕೆ ಕುಣಿಯುತ್ತಿದೆಯಾ? ಅದು ಕ್ಯಾಮರಾ ಕಡಿಮೆ ಬೆಳಕಿನಲ್ಲಿ ಐಎಸ್ಒ (ಬೆಳಕಿನ ಸೂಕ್ಷ್ಮತೆ) ಏರಿಸಿದ್ದರಿಂದ ಬಂದ ನಾಯ್ಸ್. ಪ್ರತಿ ಫ್ರೇಮಿನಲ್ಲೂ ಅದು ಹೊಸದು. ಎನ್‌ಕೋಡರಿಗೆ ಅದೂ ಚಿತ್ರವೇ. ಹಾಗಾಗಿ ನಿಮ್ಮ ಬಿಟ್ಟಿನ ದೊಡ್ಡ ಪಾಲು ಈ ಕಸಕ್ಕೇ ಹೋಗುತ್ತದೆ.

ಹ್ಯಾಂಡ್‌ಬ್ರೇಕಿನ ಫಿಲ್ಟರ್ ಪುಟದಲ್ಲಿ ಡಿನಾಯ್ಸ್ ಉಂಟು. ಎನ್‌ಎಲ್‌ಮೀನ್ಸ್ ನಿಧಾನ, ಆದರೆ ಕೆಲಸ ಶುದ್ಧ. ಅವಸರ ಇದ್ದರೆ ಎಚ್‌ಕ್ಯೂಡಿಎನ್3ಡಿ. ಅಲ್ಟ್ರಾಲೈಟ್ ಅಥವಾ ಲೈಟ್ ಸಾಕು. ಸ್ಟ್ರಾಂಗ್ ಹಾಕಿದರೆ ಏನಾಗುತ್ತದೆ ಎಂದು ನೋಡಬೇಕಾದರೆ ಬಣ್ಣದ ವೇಷದ ಮುಖ ನೋಡಿ. ಅಕ್ಕಿಹಿಟ್ಟಿನ ಚಿಟ್ಟಿ ಮುಳ್ಳು ಮುಳ್ಳಾಗಿ ಎದ್ದು ಕಾಣಬೇಕಾದದ್ದು. ಫಿಲ್ಟರ್ ಅದನ್ನೂ ನಾಯ್ಸ್ ಎಂದುಕೊಂಡು ಒರೆಸಿ ಹಾಕುತ್ತದೆ. ರಾಕ್ಷಸನಿಗೆ ಪೌಡರ್ ಬಳಿದ ಹಾಗೆ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಅಷ್ಟು ಹೊತ್ತು ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗ) ಕೂತು ಇಟ್ಟ ಚಿಟ್ಟಿ ಒಂದು ಕ್ಲಿಕ್ಕಿಗೆ ಹೋಯಿತು!

ಮೂಲ ಶುದ್ಧ ಇದ್ದು ಕುಗ್ಗಿಸಿದ್ದರಲ್ಲಿ ಮಾತ್ರ ಆಕಾಶ, ಗೋಡೆಯ ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಅದು ಬೇರೆ ರೋಗ. ಬಣ್ಣದ ಹಂತಗಳು ಹೆಚ್ಚಿರುವ ಎಕ್ಸ್265 10 ಬಿಟ್ ಬಳಸಿ, ಪಟ್ಟಿಗಳು ಕಡಿಮೆಯಾಗುತ್ತವೆ. ಎಚ್.264ರ 10 ಬಿಟ್ ಮಾತ್ರ ಬೇಡ. ಅದನ್ನು ಟಿವಿ, ಫೋನುಗಳ ಚಿಪ್ ಬಹುತೇಕ ಓದುವುದೇ ಇಲ್ಲ.

ಇನ್ನೊಂದುಂಟು. ಇಡೀ ಪರದೆಯ ಮೇಲೆ ಕಪ್ಪು ಪಟ್ಟಿ ಮೇಲಿಂದ ಕೆಳಗೆ ಉರುಳುತ್ತಾ ಇರುತ್ತದೆ, ಮೂಲದಲ್ಲೂ. ನಮ್ಮ ಕರೆಂಟು 50 ಹರ್ಟ್ಸ್. ಕೆಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಫೋನಿನವರು 30 ಫ್ರೇಮಿನಲ್ಲಿ, 60ನೇ ಒಂದು ಸೆಕೆಂಡ್ ಶಟರಿನಲ್ಲಿ ತೆಗೆದಿರುತ್ತಾರೆ. ಎರಡಕ್ಕೂ ತಾಳ ಕೂಡುವುದಿಲ್ಲ. ಪ್ರತಿ ಫ್ರೇಮಿನ ಬೆಳಕು ಬೇರೆ ಆದ್ದರಿಂದ ಫೈಲೂ ಊದಿಕೊಳ್ಳುತ್ತದೆ. ಇದನ್ನು ಆಮೇಲೆ ಪೂರ್ತಿ ಸರಿ ಮಾಡುವುದು ಕಷ್ಟ. ಮುಂದಿನ ಆಟಕ್ಕೆ 25 ಅಥವಾ 50 ಫ್ರೇಮ್, ಶಟರ್ 50ನೇ ಒಂದು ಇಟ್ಟು ತೆಗೆಯಲು ಹೇಳಿ.

ಮಾತು ಒಂದು ಕಡೆ, ಬಾಯಿ ಒಂದು ಕಡೆ

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಶುರುವಿನಿಂದಲೂ ಅಷ್ಟೇ ತಪ್ಪಿದೆಯಾ, ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತದಾ? ಮೊದಲ ಐದು ನಿಮಿಷ ನೋಡಿ, ಮಧ್ಯ ನೋಡಿ, ಕೊನೆಯ ಐದು ನಿಮಿಷ ನೋಡಿ. ಯಕ್ಷಗಾನವಾದರೆ ಚೆಂಡೆಯವರ ಕೈ ಗಮನಿಸಿ. ಕೋಲು ಚರ್ಮಕ್ಕೆ ತಾಗಿದ ಫ್ರೇಮಿಗೂ ಪೆಟ್ಟಿನ ಸದ್ದಿಗೂ ಎಷ್ಟು ಅಂತರ ಎಂದು ಒಂದೊಂದೇ ಫ್ರೇಮ್ ಸರಿಸಿ ಎಣಿಸಬಹುದು. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಸಿನಿಮಾ ಶೂಟಿಂಗಿನ ಕ್ಲ್ಯಾಪ್ ಬೋರ್ಡಿಗಿಂತ ಇದೇ ಸಲೀಸು.

ಉದ್ದಕ್ಕೂ ಒಂದೇ ಅಂತರ ಇದ್ದರೆ ಮೊದಲು ಬ್ಲೂಟೂತ್ ಸ್ಪೀಕರ್ ಆಫ್ ಮಾಡಿ, ಟಿವಿಯ ಸ್ಪೀಕರಿನಲ್ಲಿ ಕೇಳಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಒತ್ತಿ ಎಷ್ಟು ಸರಿಸಿದರೆ ಕೂಡುತ್ತದೆ ಎಂದು ಕಂಡುಕೊಳ್ಳಿ. ಎಂಕೆವಿಟೂಲ್‌ನಿಕ್ಸ್ ಎಂಬ ತಂತ್ರಾಂಶದಲ್ಲಿ ಆ ಅಂಕಿ ಹಾಕಿ ಹೊಸ ಫೈಲು ಕಟ್ಟಿದರೆ ಸಾಕು. ಚಿತ್ರವನ್ನು ಮತ್ತೆ ಕುಗ್ಗಿಸುವುದು ಬೇಡ.

ಅಂತರ ಬೆಳೆಯುತ್ತಾ ಹೋದರೆ ಮೀಡಿಯಾಇನ್ಫೋದಲ್ಲಿ ಫ್ರೇಮ್‌ರೇಟ್ ಸ್ಥಿರವೋ ಬದಲಾಗುವಂಥದ್ದೋ ನೋಡಿ. ಫೋನುಗಳು ಬೆಳಕು ಕಡಿಮೆಯಾದಾಗ ಫ್ರೇಮ್ ಕಡಿಮೆ ಮಾಡುತ್ತವೆ, ಆಮೇಲೆ ಏರಿಸುತ್ತವೆ. ಎಡಿಟಿಂಗ್ ತಂತ್ರಾಂಶ ಇದನ್ನು ಸ್ಥಿರ ಎಂದು ನಂಬಿ ಎಡವುತ್ತದೆ. ಎಡಿಟಿಂಗಿಗೆ ಮುಂಚೆಯೇ ಹ್ಯಾಂಡ್‌ಬ್ರೇಕಿನಲ್ಲಿ ಸ್ಥಿರ ಫ್ರೇಮ್‌ರೇಟ್ ಆರಿಸಿ, ಒಳ್ಳೆಯ ಗುಣಮಟ್ಟದಲ್ಲಿ ಒಂದು ಪ್ರತಿ ಮಾಡಿಕೊಳ್ಳಿ. ಗಂಟೆಗೆ ಸರಿಯಾಗಿ 3.6 ಸೆಕೆಂಡ್ ತಪ್ಪುತ್ತಿದ್ದರೆ ಯಾರೋ 29.97ನ್ನು 30 ಎಂದು ತೆಗೆದುಕೊಂಡಿದ್ದಾರೆ. ಗಂಟೆಗೆ ಎರಡು ನಿಮಿಷಕ್ಕೂ ಮೇಲೆ ತಪ್ಪಿದರೆ 24 ಮತ್ತು 25ರ ಗೊಂದಲ.

ಮಿಕ್ಸರಿನಿಂದ ಬೇರೆ ರೆಕಾರ್ಡರಿಗೆ ಧ್ವನಿ ತೆಗೆದು ಆಮೇಲೆ ಜೋಡಿಸಿದವರಿಗೆ ಇನ್ನೂ ಒಂದು ಕಾಟ. ಎರಡು ಯಂತ್ರಗಳ ಗಡಿಯಾರ ಯಾವತ್ತೂ ಸರಿಸಮ ಓಡುವುದಿಲ್ಲ. ರಾತ್ರಿ ಚೌಕಿಪೂಜೆಗೆ ಕೂಡಿಸಿದ್ದು ಬೆಳಗಿನ ಮಂಗಳಕ್ಕೆ ಬರುವಾಗ ಕೆಲವು ಫ್ರೇಮ್ ಜಾರಿರುತ್ತದೆ. ಗಂಟೆಗೊಮ್ಮೆ ಧ್ವನಿ ಕತ್ತರಿಸಿ ಚೆಂಡೆ ಪೆಟ್ಟಿಗೆ ಕೂಡಿಸಿ. ಒಂದು ಹಂತಕ್ಕೆ ಸರಿ ಇದ್ದು ಅಲ್ಲಿಂದ ಥಟ್ಟನೆ ತಪ್ಪಿದರೆ ಅದು ಕ್ಯಾಮರಾ 4 ಜಿಬಿಗೊಮ್ಮೆ ಫೈಲು ತುಂಡು ಮಾಡಿದ ಜಾಗ. ಆ ಜೋಡಣೆ ನೋಡಿ.

ಧ್ವನಿಯ ಗುಣಮಟ್ಟದ ಬಗ್ಗೆ ಒಂದು ಮಾತು. ಬಿಟ್ ಉಳಿಸಲು ಧ್ವನಿಯನ್ನು 32 ಕೆಬಿಪಿಎಸ್‌ಗೆ ಇಳಿಸುವವರಿದ್ದಾರೆ. ಚೆಂಡೆಯ ಪೆಟ್ಟಿಗೆ ಮೊದಲೇ ಚಿರ್ ಎಂಬ ಸದ್ದು ಬರುತ್ತದೆ, ಚಕ್ರತಾಳ ನೀರಿನೊಳಗಿಂದ ಕೇಳಿದ ಹಾಗಿರುತ್ತದೆ. ಮೈಕಿನ ಧ್ವನಿ ಎಡಕ್ಕೂ ಬಲಕ್ಕೂ ಒಂದೇ ಆಗಿದ್ದರೆ ಸ್ಟೀರಿಯೋ ಯಾಕೆ? ಮೋನೋ ಮಾಡಿ 64 ಕೊಡಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಪದ್ಯ ಕೇಳದಿದ್ದರೆ ಯಾರೂ ಕೂರುವುದಿಲ್ಲ.

ಹಳೇ ಕ್ಯಾಸೆಟ್ಟು, ಡಿವಿಡಿ

ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂತೆ ಗೆರೆ ಕಾಣುತ್ತದಾ? ಅದು ಇಂಟರ್ಲೇಸ್. 720 ಗುಣಿಸು 576ರ ಹಳೇ ರೆಕಾರ್ಡಿಂಗಿನಲ್ಲಿ ಒಂದು ಫ್ರೇಮಿನಲ್ಲಿ ಎರಡು ಕ್ಷಣದ ಗೆರೆಗಳು ಹೆಣೆದಿರುತ್ತವೆ. ಬಿಡಬ್ಲ್ಯೂಡಿಐಎಫ್ ಅಥವಾ ಯಾಡಿಫ್ ಫಿಲ್ಟರ್ ಹಾಕಿ. ಆದರೆ ಯಾರೋ ಮೊದಲೇ ಅಳತೆ ಇಳಿಸಿ ಕೊಟ್ಟ ಫೈಲಾದರೆ ಆ ಗೆರೆಗಳು ಚಿತ್ರದಲ್ಲೇ ಕಲಸಿಹೋಗಿವೆ. ಮೂಲ ಕ್ಯಾಸೆಟ್ಟೇ ಬೇಕು. ನಮ್ಮ ಕಡೆಯ ತೇವಕ್ಕೆ ಕ್ಯಾಸೆಟ್ಟಿಗೆ ಬೂಷ್ಟು ಬಂದಿದ್ದರೆ ಕಿಟಕಿಯಿಂದ ಬಿಳಿ ಪುಡಿ ಕಾಣುತ್ತದೆ. ಹಾಗೇ ಪ್ಲೇಯರಿಗೆ ಹಾಕಬೇಡಿ, ಹೆಡ್ಡೂ ಹಾಳು. ವಿಎಚ್‌ಎಸ್ ಚಿತ್ರದ ಕೆಳ ಅಂಚಿನಲ್ಲಿ ಕುಣಿಯುವ ಗೆರೆಗಳನ್ನು ಕ್ರಾಪ್ ಮಾಡಿ, ಬಿಟ್ ಉಳಿಯುತ್ತದೆ.

ಮದುಮಗಳು ಸಪೂರವಾಗಿಯೋ ದಪ್ಪವಾಗಿಯೋ ಕಂಡರೆ ಕಾರಿನ ಚಕ್ರ, ಗೋಡೆ ಗಡಿಯಾರ ನೋಡಿ. ದುಂಡಗಿಲ್ಲವಾದರೆ ಪಿಕ್ಸೆಲ್ ಆಕಾರದ ಮಾಹಿತಿಯನ್ನು ಟಿವಿ ಓದುತ್ತಿಲ್ಲ. ಹ್ಯಾಂಡ್‌ಬ್ರೇಕಿನಲ್ಲಿ ಅನಾಮಾರ್ಫಿಕ್ ಎಂಬ ಆಯ್ಕೆ ಆಫ್ ಮಾಡಿ.

ಟಿವಿಯಲ್ಲಿ ತೆರೆಯುವುದೇ ಇಲ್ಲ

ಫೈಲು ಕಾಣುವುದೇ ಇಲ್ಲವಾದರೆ ಪೆನ್‌ಡ್ರೈವಿನ ಫಾರ್ಮ್ಯಾಟ್ ನೋಡಿ. ಎಫ್‌ಎಟಿ32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ, ಎಕ್ಸ್‌ಫ್ಯಾಟನ್ನು ಕೆಲವು ಹಳೇ ಟಿವಿ ಓದುವುದಿಲ್ಲ. ಧ್ವನಿ ಮಾತ್ರ ಬಂದು ಪರದೆ ಕಪ್ಪಾದರೆ ಕೊಡೆಕ್ ತೊಂದರೆ. ಊರಿನ ಹತ್ತು ಮನೆಗೆ ಕೊಡುವುದಾದರೆ ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ, ಫೈಲು ಎಂಪಿ4. ಎವಿ1 ಎಷ್ಟೇ ಒಳ್ಳೆಯದಾದರೂ ಅಜ್ಜಿ ಮನೆಯ ಟಿವಿಗೆ ಅದು ಗೊತ್ತಿಲ್ಲ. ಐಫೋನಿನಲ್ಲಿ ಮಾತ್ರ ಎಚ್‌ಇವಿಸಿ ತೆರೆಯದಿದ್ದರೆ ಫೈಲಿನ ಗುರುತು ಎಚ್‌ಇವಿ1 ಇದ್ದೀತು, ಎಚ್‌ವಿಸಿ1 ಆಗಬೇಕು. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ಆ ಗುರುತು (ಟ್ಯಾಗ್) ಬದಲಿಸಿ ಕಾಪಿ ಮಾಡಿದರೆ ಆಯಿತು.

ಮಳೆಗಾಲದಲ್ಲಿ ಕುಗ್ಗಿಸುವಾಗ ಕರೆಂಟು ಹೋಗುವುದು ಹೊಸತಲ್ಲ. ಎಂಪಿ4ನ ಪರಿವಿಡಿ ಕೊನೆಗೆ ಬರೆಯುವುದು. ನಡುವೆ ನಿಂತರೆ ಫೈಲು ಎಷ್ಟೇ ದೊಡ್ಡದಿದ್ದರೂ ತೆರೆಯುವುದಿಲ್ಲ. ಉದ್ದದ ಕೆಲಸಕ್ಕೆ ಎಂಕೆವಿ ಎಂಬ ಫೈಲ್ ನಮೂನೆಯಲ್ಲಿ ಕುಗ್ಗಿಸಿ. ನಿಂತರೂ ಅಲ್ಲಿಯವರೆಗಿನದು ನೋಡಲು ಸಿಗುತ್ತದೆ. ಮುಗಿದ ಮೇಲೆ ಎಂಪಿ4ಗೆ ಬದಲಿಸಲು ಕೆಲವೇ ನಿಮಿಷ ಸಾಕು.

ಕನ್ನಡ ಸಬ್‌ಟೈಟಲ್ ಅಸ್ತವ್ಯಸ್ತ

ಲಕ್ಷಣ ನೋಡಿದರೆ ಕಾರಣ ಹೇಳಬಹುದು. ಖಾಲಿ ಚೌಕ ಬಂದರೆ ಆ ಟಿವಿಯಲ್ಲಿ ಕನ್ನಡ ಫಾಂಟ್ ಇಲ್ಲ. ಪ್ರಶ್ನೆ ಚಿಹ್ನೆ ಬಂದರೆ ಫೈಲನ್ನು ಯುಟಿಎಫ್-8ರಲ್ಲಿ (ಯುನಿಕೋಡ್ ಅಕ್ಷರ ಉಳಿಸುವ ರೀತಿ) ಉಳಿಸಿಲ್ಲ, ಮತ್ತೆ ಟೈಪ್ ಮಾಡಬೇಕಾದೀತು. ಇಂಗ್ಲಿಷ್ ಅಕ್ಷರ, ಚುಕ್ಕೆ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಯಾರೋ ಹಳೇ ನುಡಿ ಅಥವಾ ಬರಹದ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಪರಿವರ್ತಕ ಬಳಸಿ ಯುನಿಕೋಡಿಗೆ ತನ್ನಿ. ಅಕ್ಷರ ಸರಿ ಇದ್ದು ಒತ್ತಕ್ಷರ ಮಾತ್ರ ಬಿಡಿಬಿಡಿಯಾಗಿ ನಿಂತರೆ ಪ್ಲೇಯರಿಗೆ ಕನ್ನಡ ಜೋಡಿಸಲು ಬರುವುದಿಲ್ಲ. ತುಳು ಸಂಭಾಷಣೆಯನ್ನು ಕನ್ನಡ ಲಿಪಿಯಲ್ಲಿ ಹಾಕಿದವರಿಗೂ ಇದೇ ಪಾಡು.

ಇಂಥ ಟಿವಿಗಳಿಗೆ ಸಬ್‌ಟೈಟಲನ್ನು ಚಿತ್ರದ ಮೇಲೆಯೇ ಅಚ್ಚು ಹೊಡೆಯಿರಿ. ಹ್ಯಾಂಡ್‌ಬ್ರೇಕಿನಲ್ಲಿ ಬರ್ನ್ ಇನ್ ಎಂಬ ಆಯ್ಕೆ ಉಂಟು. ಕಂಪ್ಯೂಟರಿನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಇರಲಿ. ಮೊದಲು ಒಂದು ನಿಮಿಷದ ತುಂಡು ಮಾಡಿ, ಒತ್ತಕ್ಷರ ಜಾಸ್ತಿ ಇರುವ ಸಾಲು ಬರುವ ಕಡೆ ನಿಲ್ಲಿಸಿ ಓದಿ ನೋಡಿ. 360ಕ್ಕೆ ಇಳಿಸುವುದಾದರೆ ಅಕ್ಷರ ಸ್ವಲ್ಪ ದಪ್ಪಗೆ, ದೊಡ್ಡದಾಗಿ ಇಡಿ. ಸಣ್ಣ ಅಳತೆಯಲ್ಲಿ ಮೊದಲು ಕಲಸಿಹೋಗುವುದು ಒತ್ತುಗಳೇ.